ಸಾಮೂಹಿಕ ಕಾರ್ಯಾಗಾರದಲ್ಲಿ ಗ್ಯಾಸ್ ಹೀಟರ್: ಬೆಟ್ಟದವರಿಗೊಂದು ಪಾಠ

ನೀಲಗಿರಿಯ ಚಳಿ ಎಂಥದೆಂದು ಬೆಟ್ಟದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಕೂನೂರು ಸುಮಾರು 1,850 ಮೀಟರ್. ನಮ್ಮ ನುಡಿಯಲ್ಲಿಯೇ ಹೆಸರು ಪಡೆದಿರುವ ದೊಡ್ಡಬೆಟ್ಟದ ನೆತ್ತಿ 2,637 ಮೀಟರ್. ಡಿಸೆಂಬರ್, ಜನವರಿ ತಿಂಗಳುಗಳ ಇರುಳಿನಲ್ಲಿ ಉದಕಮಂಡಲದ ತಗ್ಗು ಬಯಲುಗಳ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಬೆಳಗಾದಾಗ ಹುಲ್ಲಿನ ಮೇಲೆ ಬಿಳಿಯ ಹಿಮದ ಪುಡಿ ಕಾಣುತ್ತದೆ. ಇಂಥ ಮುಂಜಾವಿನಲ್ಲಿ ಕೈಕಸುಬಿನವನ ಪಾಡು ಕಷ್ಟದ್ದು. ಬೆರಳು ಮರಗಟ್ಟಿದರೆ ಬಡಗಿಯ ಉಳಿ ಜಾರುತ್ತದೆ, ದರ್ಜಿಯ ಸೂಜಿ ದಾರ ಹಿಡಿಯುವುದಿಲ್ಲ, ರಟ್ಟು ಕಟ್ಟುವವನ ಅಂಟು ಬೇಗ ಒಣಗುವುದಿಲ್ಲ.

ಒಬ್ಬೊಬ್ಬರೇ ಒಂದೊಂದು ಅಂಗಡಿಯ ಬಾಡಿಗೆ ಕೊಡಲಾರದೆ ಮೂವರು ನಾಲ್ವರು ಸೇರಿ ಒಂದು ತಗಡಿನ ಶೆಡ್ಡನ್ನು ಹಿಡಿದು, ಅದರೊಳಗೆ ಪಾಲಿನಲ್ಲಿ ಕೆಲಸ ಮಾಡುವ ಪದ್ಧತಿ ಹೊಸದಲ್ಲ. ಅಂಥ ಕಡೆ ಈಗ ಇದ್ದಿಲಿನ ಅಗ್ಗಿಷ್ಟಿಕೆಯ ಬದಲಿಗೆ ಗ್ಯಾಸ್ ಹೀಟರ್ ಇಡುವ ಆಲೋಚನೆ ಬರುವುದು ಸಹಜ. ಹೊಗೆಯಿಲ್ಲ, ಬೂದಿಯಿಲ್ಲ, ಗುಂಡಿ ತಿರುಗಿಸಿದೊಡನೆ ಬಿಸಿ. ಆದರೆ ಇದರ ಜೊತೆಗೆ ಬರುವ ಸೂಚನೆಗಳ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದದೆಯೇ ಪೆಟ್ಟಿಗೆಯಲ್ಲಿಟ್ಟು ಮರೆಯುವವರೇ ಹೆಚ್ಚು.

ಸುವರ್ಣ ಮಹೋತ್ಸವದ ಸಂಚಿಕೆಗೆ ಹಳೆಯ ನೆನಪಿನ ಬರಹಗಳು ಬೇಕಾದಷ್ಟು ಬರುತ್ತವೆ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ವಿಜ್ಞಾನವೂ ಗಣಿತವೂ ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂಬುದನ್ನು ತೋರಿಸುವ ಒಂದು ಪಾಠವೂ ಇರಲೆಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಹಳೆಯ ವಿದ್ಯಾರ್ಥಿಗಳು ಮತ್ತೊಮ್ಮೆ ಬೆಂಚಿನ ಮೇಲೆ ಕುಳಿತೆವೆಂದು ಭಾವಿಸಿ ಓದಬೇಕಾಗಿ ವಿನಂತಿ.

ಗ್ಯಾಸಿನ ಸ್ವಭಾವ

ಸಿಲಿಂಡರಿನಲ್ಲಿರುವುದು ದ್ರವೀಕೃತ ಪೆಟ್ರೋಲಿಯಂ ಅನಿಲ. ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣವಿದು. ಒತ್ತಡಕ್ಕೆ ಸಿಕ್ಕಿ ದ್ರವವಾಗಿರುವ ಈ ಅನಿಲವು ಹೊರಬಂದಾಗ ಮೊದಲಿನ ಗಾತ್ರದ ಸುಮಾರು 250 ಪಟ್ಟು ಹಿಗ್ಗುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಮೂಗಿಗೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಸ್ವಲ್ಪ ಬೆರೆಸಿರುತ್ತಾರೆ.

ನೆನಪಿಡಬೇಕಾದ ಮೊದಲ ಗುಣವೆಂದರೆ, ಇದು ಗಾಳಿಗಿಂತ ಭಾರ. ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ತೂಗುತ್ತದೆ. ಸೋರಿದ ಗ್ಯಾಸು ಹೊಗೆಯಂತೆ ಮೇಲೇರದೆ ನೀರಿನಂತೆ ನೆಲದ ಮೇಲೆ ಹರಿದು ಗುಂಡಿ, ಚರಂಡಿ, ಮರದ ಹಲಗೆಗಳ ಸಂದಿಯಲ್ಲಿ ನಿಲ್ಲುತ್ತದೆ. ಎತ್ತರದ ಕಿಟಕಿಯೊಂದನ್ನೇ ತೆರೆದಿಟ್ಟು ಸುಮ್ಮನಿದ್ದರೆ ಸಾಲದು; ನೆಲಮಟ್ಟದಲ್ಲಿಯೂ ಹೊರಹೋಗುವ ದಾರಿ ಬೇಕು. ಗಾಳಿಯೊಡನೆ ಬೆರೆತ ಗ್ಯಾಸು ನೂರರಲ್ಲಿ ಸುಮಾರು ಎರಡರಿಂದ ಒಂಬತ್ತು ಭಾಗದಷ್ಟಿದ್ದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ.

ಎರಡನೆಯ ಗುಣವು ಬೆಟ್ಟದವರಿಗೆ ಮುಖ್ಯ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತದೆ. ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಕೊರೆಯುವ ಚಳಿಯಲ್ಲಿ ಪ್ರೊಪೇನ್ ಮೊದಲು ಆವಿಯಾಗಿ ಮುಗಿದು, ಬ್ಯೂಟೇನ್ ತಳದಲ್ಲಿ ದ್ರವವಾಗಿಯೇ ಉಳಿಯುತ್ತದೆ. ಸಿಲಿಂಡರನ್ನು ಅಲುಗಿಸಿದರೆ ಒಳಗೆ ಕುಲುಕಿದ ಸದ್ದು ಕೇಳುತ್ತದೆ, ಆದರೂ ಹೀಟರ್ ಮಂಕಾಗುತ್ತದೆ. ಗ್ಯಾಸ್ ಕಡಿಮೆ ತುಂಬಿದ್ದಾರೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವ ಮುನ್ನ ಇದನ್ನು ತಿಳಿಯಬೇಕು. ಬಿಸಿಲೇರಿದ ಮೇಲೆ ಅದೇ ಸಿಲಿಂಡರ್ ಮತ್ತೆ ಗ್ಯಾಸ್ ಕೊಡುತ್ತದೆ. ಆತುರಪಟ್ಟು ಅದರ ಕೆಳಗೆ ಬೆಂಕಿ ಇಡುವುದಾಗಲಿ, ಕುದಿಯುವ ನೀರು ಸುರಿಯುವುದಾಗಲಿ, ಹೀಟರಿನ ಮುಂದೆ ತಂದು ನಿಲ್ಲಿಸುವುದಾಗಲಿ ಪ್ರಾಣಕ್ಕೆ ಅಪಾಯ.

ಉರಿಯುವಾಗ ನಡೆಯುವುದೇನು?

ರಸಾಯನಶಾಸ್ತ್ರದ ಸಮೀಕರಣವನ್ನು ತೂಕಕ್ಕೆ ಇಳಿಸಿದರೆ ಹೀಗಾಗುತ್ತದೆ: ಒಂದು ಕಿಲೋಗ್ರಾಂ ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 3.6 ಕಿಲೋಗ್ರಾಂ ಆಮ್ಲಜನಕ ಬೇಕು. ಉರಿದ ಮೇಲೆ 3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 1.6 ಕಿಲೋಗ್ರಾಂ ನೀರಾವಿ ಉಂಟಾಗುತ್ತವೆ. ಹೊಗೆ ಕಾಣದಿದ್ದ ಮಾತ್ರಕ್ಕೆ ಏನೂ ಹೊರಬರುತ್ತಿಲ್ಲವೆಂದಲ್ಲ. ಸುಟ್ಟ ಗ್ಯಾಸಿನ ಮೂರು ಪಟ್ಟು ತೂಕದ ಕೆಟ್ಟ ಗಾಳಿ ಅದೇ ಕೋಣೆಯಲ್ಲಿ ಸೇರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶೆಡ್ಡಿನ ಉದ್ದ 6 ಮೀಟರ್, ಅಗಲ 5 ಮೀಟರ್, ಎತ್ತರ 3 ಮೀಟರ್. ಗಾತ್ರ 90 ಘನ ಮೀಟರ್. ಉದಕಮಂಡಲದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 77 ಭಾಗ ಮಾತ್ರ. ಅಂದರೆ ಅಷ್ಟೇ ದೊಡ್ಡ ಕೋಣೆಯಲ್ಲಿ ಚೆನ್ನೈಯಲ್ಲಿರುವುದಕ್ಕಿಂತ ಕಡಿಮೆ ಆಮ್ಲಜನಕ. ನಮ್ಮ ಶೆಡ್ಡಿನಲ್ಲಿರುವ ಗಾಳಿಯ ತೂಕ ಸುಮಾರು 86 ಕಿಲೋಗ್ರಾಂ, ಅದರಲ್ಲಿ ಆಮ್ಲಜನಕ ಸುಮಾರು 20 ಕಿಲೋಗ್ರಾಂ.

ಮೂರು ಸೆರಾಮಿಕ್ ಫಲಕಗಳುಳ್ಳ ಸಾಮಾನ್ಯ ಹೀಟರಿನ ಶಕ್ತಿ 4.2 ಕಿಲೋವ್ಯಾಟ್. ಪೂರ್ತಿ ಉರಿಸಿದರೆ ಗಂಟೆಗೆ ಸುಮಾರು 300 ಗ್ರಾಂ ಗ್ಯಾಸ್ ಬೇಕು. ಅದಕ್ಕೆ ಗಂಟೆಗೆ 1.1 ಕಿಲೋಗ್ರಾಂ ಆಮ್ಲಜನಕ ಖರ್ಚು. ಎಲ್ಲ ಸಂದಿಗಳನ್ನೂ ಮುಚ್ಚಿದ ಶೆಡ್ಡಿನಲ್ಲಿ ಗಾಳಿಯ ಆಮ್ಲಜನಕವು ನೂರಕ್ಕೆ 21ರಿಂದ 18 ಭಾಗಕ್ಕೆ ಇಳಿಯಲು ಎರಡೂವರೆ ಗಂಟೆ ಸಾಕು. ಎರಡು ಹೀಟರುಗಳಿದ್ದರೆ ಒಂದೂಕಾಲು ಗಂಟೆ. ಇಂಗಾಲದ ಡೈಆಕ್ಸೈಡಿನ ಮಟ್ಟವಂತೂ ಮೊದಲ ಗಂಟೆಯಲ್ಲಿಯೇ, ಎಂಟು ಗಂಟೆ ದುಡಿಯುವವರಿಗೆ ಗೊತ್ತುಮಾಡಿರುವ ನೂರಕ್ಕೆ ಅರ್ಧ ಭಾಗದ ಮಿತಿಯನ್ನು ದಾಟುತ್ತದೆ.

ನೀರಾವಿಯ ಲೆಕ್ಕವನ್ನೂ ನೋಡಿ. ಗಂಟೆಗೆ ಅರ್ಧ ಲೀಟರ್, ನಾಲ್ಕು ಗಂಟೆಗೆ ಎರಡು ಲೀಟರ್ ನೀರು ಕೋಣೆಯ ಗಾಳಿಗೆ ಸೇರುತ್ತದೆ. ತಣ್ಣಗಿನ ತಗಡಿಗೆ ಅದು ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಉಳಿ, ಗರಗಸಗಳಿಗೆ ತುಕ್ಕು ಹಿಡಿಯುತ್ತದೆ, ಮರ ಉಬ್ಬುತ್ತದೆ, ಬಟ್ಟೆಗೆ ಬೂಸಲು ಬರುತ್ತದೆ. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿದ್ದರೆ ಕೋಣೆಗೆ ಗಾಳಿ ಸಾಲದೆಂದು ಗಾಜೇ ಹೇಳುತ್ತಿದೆಯೆಂದು ತಿಳಿಯಬೇಕು.

ಕಾಣದ ವಿಷ

ಗಾಳಿ ಸಾಲದಾದಾಗ ಗ್ಯಾಸು ಅರೆಬರೆಯಾಗಿ ಉರಿದು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯೂ ಇಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ದೇಹದ ಅಂಗಾಂಗಗಳಿಗೆ ಆಮ್ಲಜನಕ ತಲುಪುವುದಿಲ್ಲ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿ ಬೆಟ್ಟದ ಊರುಗಳಿಂದ ಆಗಾಗ ಬರುವುದು ಈ ಕಾರಣದಿಂದಲೇ. ಗ್ಯಾಸಿಗೆ ಹೊಗೆಯಿಲ್ಲವಾದ್ದರಿಂದ ಆ ಭಯವಿಲ್ಲ ಎಂದುಕೊಳ್ಳುವುದು ತಪ್ಪು ತಿಳಿವಳಿಕೆ.

ಈ ವಿಷಯವನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದವರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಪ್ರಮುಖರು. ಕಲ್ಲಿದ್ದಲ ಗಣಿಗಳ ಸ್ಫೋಟದಲ್ಲಿ ಸತ್ತವರಲ್ಲಿ ಬಹುಮಂದಿಯನ್ನು ಕೊಂದದ್ದು ಸ್ಫೋಟದ ಪೆಟ್ಟಲ್ಲ, ಅನಂತರ ಹಬ್ಬಿದ ಮಾನಾಕ್ಸೈಡ್ ಎಂದು ಅವರು 1896ರ ವರದಿಯಲ್ಲಿ ತೋರಿಸಿದರು. ತಮ್ಮ ಮೈಮೇಲೆಯೇ ಪ್ರಯೋಗ ಮಾಡಿಕೊಂಡು ಅದರ ಪರಿಣಾಮವನ್ನು ದಾಖಲಿಸಿದರು. ಗಣಿಯೊಳಗೆ ಪುಟ್ಟ ಕೆನರಿ ಹಕ್ಕಿಗಳನ್ನು ಒಯ್ಯುವ ಪದ್ಧತಿ ಅವರ ಸಲಹೆಯಿಂದ ಬಂದದ್ದು. ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುವುದರಿಂದ ಗಣಿಗಾರರಿಗೆ ಎಚ್ಚರಿಕೆ ಸಿಗುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಹಕ್ಕಿಗಳು ಈ ಕೆಲಸ ಮಾಡಿದವು. ಇವರ ಮಗ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹೆಸರಾಂತ ಜೀವವಿಜ್ಞಾನಿ.

ಈಗ ಹಕ್ಕಿಯ ಬದಲಿಗೆ ಬ್ಯಾಟರಿಯಿಂದ ನಡೆಯುವ ಸಣ್ಣ ಎಚ್ಚರಿಕೆ ಯಂತ್ರಗಳು ಸಿಗುತ್ತವೆ. ಹೀಟರ್ ಇಡುವ ಪ್ರತಿಯೊಂದು ಕಾರ್ಯಾಗಾರದಲ್ಲಿಯೂ ಒಂದು ಇರಲೇಬೇಕು. ಮಾನಾಕ್ಸೈಡ್ ಕೋಣೆಯ ಗಾಳಿಯೊಡನೆ ಬೆರೆತುಹೋಗುವುದರಿಂದ ಅದರ ಯಂತ್ರವನ್ನು ಕೆಲಸಗಾರರ ಮೂಗಿನ ಮಟ್ಟದಲ್ಲಿ ಇಡಬೇಕು. ಗ್ಯಾಸ್ ಸೋರಿಕೆಯನ್ನು ಹೇಳುವ ಯಂತ್ರ ಬೇರೆ. ಅದನ್ನು ನೆಲದಿಂದ ಒಂದು ಗೇಣಿನಷ್ಟು ಮೇಲೆ ಇಡಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಇದರ ಮೇಲೆ ಮನುಷ್ಯರೇ ಗುರುತಿಸಬಹುದಾದ ಒಂದು ಲಕ್ಷಣವಿದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಒಬ್ಬರಿಗೆ ಬಂದರೆ ನಿದ್ದೆಗೆಟ್ಟದ್ದರಿಂದಲೋ ಹಸಿವಿನಿಂದಲೋ ಇರಬಹುದು. ಒಂದೇ ಶೆಡ್ಡಿನಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತ ಕುಳಿತುಕೊಳ್ಳಬಾರದು. ಎಲ್ಲರೂ ಹೊರಗೆ ಬಂದು ಬಿಡಬೇಕು. ಕುಸಿದವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು. ಅವರಿಗೆ ಬೇಕಾಗುವುದು ಆಸ್ಪತ್ರೆಯಲ್ಲಿ ಸಿಗುವ ಶುದ್ಧ ಆಮ್ಲಜನಕ.

ಕಿಟಕಿ ಮುಚ್ಚಿ ಉಳಿಸುವುದೆಷ್ಟು?

ಕಿಟಕಿ ತೆರೆದಿಟ್ಟು ಹೀಟರ್ ಉರಿಸುವುದೆಂದರೆ ಹಣವನ್ನು ಬೀದಿಗೆ ಸುರಿದಂತೆ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಪಾಲುದಾರಿಕೆಯ ಶೆಡ್ಡಿನಲ್ಲಿ ಜಗಳ ಹುಟ್ಟುವುದೂ ಇಲ್ಲಿಯೇ. ಒಬ್ಬನು ತೆರೆಯುತ್ತಾನೆ, ಮತ್ತೊಬ್ಬನು ಮುಚ್ಚುತ್ತಾನೆ. ಇದನ್ನು ಮಾತಿನಿಂದ ತೀರ್ಮಾನಿಸದೆ ಲೆಕ್ಕದಿಂದ ತೀರ್ಮಾನಿಸೋಣ.

ಒಂದು ಕಿಲೋಗ್ರಾಂ ಗ್ಯಾಸಿನಿಂದ ಸುಮಾರು 46,000 ಕಿಲೋಜೂಲ್ ಶಾಖ ಬರುತ್ತದೆ. ನಮ್ಮ ಶೆಡ್ಡಿನ 86 ಕಿಲೋಗ್ರಾಂ ಗಾಳಿಯನ್ನು 10 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದ ಶಾಖ ಸುಮಾರು 870 ಕಿಲೋಜೂಲ್. ಭಾಗಿಸಿದರೆ 19 ಗ್ರಾಂ ಗ್ಯಾಸ್. ಒಂದು ಹೀಟರ್ ಪೂರ್ತಿ ಉರಿಯುವಾಗ ಗಂಟೆಗೆ ಎರಡು ಸಲ ಕೋಣೆಯ ಗಾಳಿಯೆಲ್ಲ ಬದಲಾದರೆ ಇಂಗಾಲದ ಡೈಆಕ್ಸೈಡ್ ಮಿತಿಯೊಳಗೆ ನಿಲ್ಲುತ್ತದೆ. ಹಾಗೆ ಹೊರಗೆ ಹೋಗುವ ಬಿಸಿಗಾಳಿಯ ಬೆಲೆ ಗಂಟೆಗೆ 38 ಗ್ರಾಂ ಗ್ಯಾಸ್.

ಇನ್ನು ಚಾವಣಿಯ ಕಡೆ ನೋಡಿ. ಬರಿಯ ತಗಡು ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರಿಗೆ ಸುಮಾರು 7 ವ್ಯಾಟ್ ಶಾಖವನ್ನು ಹೊರಗೆ ಬಿಡುತ್ತದೆ. 30 ಚದರ ಮೀಟರ್ ಚಾವಣಿಯಲ್ಲಿ 10 ಡಿಗ್ರಿ ವ್ಯತ್ಯಾಸಕ್ಕೆ ಇದು 2,100 ವ್ಯಾಟ್. ಗ್ಯಾಸಿನ ಲೆಕ್ಕದಲ್ಲಿ ಗಂಟೆಗೆ 160 ಗ್ರಾಮಿಗೂ ಹೆಚ್ಚು. ಅಂದರೆ ಪ್ರಾಣ ಕಾಯುವ ಗಾಳಿ ಒಯ್ಯುವುದರ ನಾಲ್ಕು ಪಟ್ಟನ್ನು ತಗಡು ಸದ್ದಿಲ್ಲದೆ ಕದಿಯುತ್ತಿದೆ!

ಈ ಪಾಠದ ಸಾರವೇ ಇದು: ಗ್ಯಾಸ್ ಉಳಿಸಬೇಕೆನ್ನುವವರು ಕಿಟಕಿಗೆ ಕೈ ಹಾಕಬಾರದು, ಚಾವಣಿಗೆ ಕೈ ಹಾಕಬೇಕು. ತಗಡಿನ ಕೆಳಗೆ ಒಂದು ಅಡಿ ಬಿಟ್ಟು ಹಲಗೆಯ ಅಥವಾ ಬೆಂಕಿ ಹಿಡಿಯದ ಬೋರ್ಡಿನ ಒಳಚಾವಣಿ ಹೊಡೆಸಿದರೆ ಆ ನಷ್ಟ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅಗ್ಗವೆಂದು ಥರ್ಮೋಕೋಲ್ ಅಂಟಿಸುವುದು ಬೇಡ. ಅದು ಬೇಗ ಹೊತ್ತಿಕೊಳ್ಳುತ್ತದೆ, ಕಪ್ಪು ಹೊಗೆ ಉಗುಳುತ್ತದೆ.

ಗಾಳಿಯ ದಾರಿಯನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಡದೆ ಗೋಡೆಯಲ್ಲಿಯೇ ಕಾಯಂ ಆಗಿ ಮಾಡಿಬಿಡುವುದು ಮೇಲು. ಒಂದು ಹೀಟರಿಗೆ ನೆಲದ ಹತ್ತಿರ ಒಂದು ಗಾಳಿಕಿಂಡಿ, ಎದುರು ಗೋಡೆಯಲ್ಲಿ ಒಳಚಾವಣಿಗೆ ತುಸು ಕೆಳಗೆ ಇನ್ನೊಂದು. ಒಂದೊಂದೂ ಕನಿಷ್ಠ 30 ಸೆಂಟಿಮೀಟರ್ ಚೌಕವಿರಬೇಕು. ಇಲಿ ಬಾರದಂತೆ ಬಲೆ ಹೊಡೆದರೆ ಅದು ತಿನ್ನುವ ಜಾಗಕ್ಕೆ ತಕ್ಕಂತೆ ದೊಡ್ಡದಾಗಿರಲಿ. ಬಿಸಿಗಾಳಿ ಮೇಲಿನಿಂದ ಹೊರಡುತ್ತದೆ, ತಾಜಾ ಗಾಳಿ ಕೆಳಗಿನಿಂದ ಬರುತ್ತದೆ. ಸೋರಿದ ಗ್ಯಾಸಿಗೂ ಕೆಳಗಿನ ಕಿಂಡಿಯೇ ದಾರಿ. ಈ ಕಿಂಡಿಗಳಿಗೆ ಬಾಗಿಲು ಇಡಲೇಬಾರದು. ಎರಡು ಹೀಟರಿದ್ದರೆ ಕಿಂಡಿಗಳೂ ಎರಡರಷ್ಟು.

ಯಾವ ಹೀಟರ್, ಎಲ್ಲಿ ಇಡುವುದು?

ಸಂದಿಗೊಂದಿಗಳಿರುವ ಶೆಡ್ಡಿಗೆ ಸೆರಾಮಿಕ್ ಫಲಕ ಕೆಂಪಾಗಿ ಕಾದು ಶಾಖ ಬೀರುವ ಹೀಟರ್ ಒಳ್ಳೆಯದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಉಷ್ಣಮಾಪಕದಿಂದ ಕಂಡುಹಿಡಿದುದನ್ನು ಪಾಠದಲ್ಲಿ ಓದಿದ್ದೀರಿ. ಆ ಕಿರಣಗಳು ನಡುವಣ ಗಾಳಿಗಾಗಿ ಕಾಯದೆ ನೇರವಾಗಿ ಮೈಕೈಗಳನ್ನು ಮುಟ್ಟುತ್ತವೆ. ಮಾಗಿಯ ಬಿಸಿಲಿನಲ್ಲಿ ಬೆನ್ನು ಬೆಚ್ಚಗಾದಂತೆ. ಆದುದರಿಂದ ಇಡೀ ಕೋಣೆ ಬಿಸಿಯಾಗುವವರೆಗೆ ಕಾಯಬೇಕಿಲ್ಲ. ಹೋಟೆಲುಗಳ ಅಂಗಳದಲ್ಲಿ ನಿಲ್ಲಿಸುವ ಛತ್ರಿಯಾಕಾರದ ಎತ್ತರದ ಹೀಟರ್ ಬಯಲಿಗೆಂದೇ ಮಾಡಿದ್ದು. ಅದನ್ನು ಒಳಗೆ ತರಕೂಡದು.

ಕೊಳ್ಳುವಾಗ ಎರಡು ರಕ್ಷಣೆಗಳಿವೆಯೇ ಎಂದು ಕೇಳಿ. ಜ್ವಾಲೆ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವುದು ಒಂದು. ಆಮ್ಲಜನಕವು ನೂರಕ್ಕೆ ಸುಮಾರು 18 ಭಾಗಕ್ಕೆ ಇಳಿದರೆ ಹೀಟರನ್ನು ಆರಿಸುವುದು ಇನ್ನೊಂದು. ಎರಡನೆಯದು ಇದ್ದ ಮಾತ್ರಕ್ಕೆ ಗಾಳಿಕಿಂಡಿ ಬೇಡವೆಂದಲ್ಲ. ಅದು ಮಾನಾಕ್ಸೈಡನ್ನು ಅಳೆಯುವುದಿಲ್ಲ. ಎಷ್ಟು ಎತ್ತರದ ಊರಿನವರೆಗೆ ಈ ಹೀಟರ್ ತಕ್ಕದ್ದು ಎಂಬುದನ್ನೂ ತಯಾರಕರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಬಯಲುಸೀಮೆಯಲ್ಲಿ ನೀಲಿಯಾಗಿ ಉರಿಯುವ ಹೀಟರ್ ತೆಳುಗಾಳಿಯ ಬೆಟ್ಟದ ಮೇಲೆ ಹಳದಿ ನಾಲಿಗೆ ಚಾಚಬಹುದು.

ಮನೆಬಳಕೆಯ 14.2 ಕಿಲೋಗ್ರಾಂ ಕೆಂಪು ಸಿಲಿಂಡರನ್ನು ಕಾರ್ಯಾಗಾರದಲ್ಲಿ ಬಳಸುವುದು ಕೇಂದ್ರ ಸರ್ಕಾರದ 2000ನೆಯ ಇಸವಿಯ ಆದೇಶದ ಪ್ರಕಾರ ಅಪರಾಧ. ವಾಣಿಜ್ಯ ಬಳಕೆಯ 19 ಕಿಲೋಗ್ರಾಂ ಸಿಲಿಂಡರನ್ನೇ ತರಬೇಕು. ಪರವಾನಗಿಯಿಲ್ಲದೆ ಇಡಬಹುದಾದ ಗ್ಯಾಸಿನ ಒಟ್ಟು ಮಿತಿ 100 ಕಿಲೋಗ್ರಾಂ. ತಂದೊಡನೆ ಸಿಲಿಂಡರಿನ ಕೊರಳ ಪಟ್ಟಿಯ ಒಳಬದಿಯನ್ನು ನೋಡಿ. ಅಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರವೂ ವರ್ಷದ ಕೊನೆಯ ಎರಡು ಅಂಕಿಗಳೂ ಇರುತ್ತವೆ. ಒಂದೊಂದು ಅಕ್ಷರವೂ ವರ್ಷದ ಮೂರು ತಿಂಗಳ ಒಂದು ಭಾಗ. ‘ಬಿ 30’ ಎಂದಿದ್ದರೆ 2030ರ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ಮರುಪರೀಕ್ಷೆ ಆಗಬೇಕೆಂದು ಅರ್ಥ. ಅವಧಿ ದಾಟಿದ್ದರೆ ಹಿಂದಕ್ಕೆ ಕೊಡಿ.

ಸಿಲಿಂಡರನ್ನು ಶೆಡ್ಡಿನ ಹೊರಗೆ, ಮಳೆ ಬೀಳದ, ಗಾಳಿಯಾಡುವ, ಬೀಗವಿರುವ ಕಂಬಿಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಗ್ಯಾಸ್ ಏಜೆನ್ಸಿಯ ಕೆಲಸಗಾರರಿಂದ ಲೋಹದ ಪೈಪು ಹಾಕಿಸುವುದು ಒಳ್ಳೆಯದು. ಹತ್ತಿರದಲ್ಲಿ ಚರಂಡಿಯ ಬಾಯಿಯಾಗಲಿ ತಗ್ಗಾಗಲಿ ಇರಕೂಡದು. ಹೀಟರಿನ ಬಳಿ ಬೇಕಾಗುವ ರಬ್ಬರ್ ಕೊಳವೆ ಒಂದೂವರೆ ಮೀಟರಿಗಿಂತ ಉದ್ದವಿರಬಾರದು. ತಂತಿಯ ಹೆಣಿಗೆಯಿರುವ ಸುರಕ್ಷಾ ಕೊಳವೆಯನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಕಡ್ಡಿ ಗೀರಿ ಪರೀಕ್ಷಿಸುವ ಸಾಹಸ ಎಂದಿಗೂ ಬೇಡ.

ಹೀಟರಿನ ಮುಂದೆ ಒಂದು ಮೀಟರ್ ಜಾಗ ಖಾಲಿಯಿರಲಿ. ಮರದ ಹೊಟ್ಟು, ಬಟ್ಟೆಯ ಚೂರು, ರದ್ದಿ ಕಾಗದ ಅತ್ತ ಸುಳಿಯಬಾರದು. ವಾರ್ನಿಷ್, ತಿನ್ನರ್, ಸ್ಪ್ರೇ ಬಣ್ಣ, ದ್ರಾವಕ ಅಂಟುಗಳ ಕೆಲಸವಿರುವಾಗ ಹೀಟರನ್ನು ಆರಿಸಲೇಬೇಕು. ಆವಿ ಹೊರಹೋಗುವವರೆಗೆ ಮತ್ತೆ ಹೊತ್ತಿಸಬಾರದು. ಜಿಡ್ಡು ತೆಗೆಯುವ ಕೆಲವು ಕ್ಲೋರಿನ್‌ಯುಕ್ತ ದ್ರಾವಕಗಳ ಆವಿ ಬೆಂಕಿಗೆ ಸೋಕಿದರೆ ಫಾಸ್ಜೀನ್ ಎಂಬ ಘೋರ ವಿಷಾನಿಲವೇ ಹುಟ್ಟುತ್ತದೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಹೀಗೆ ಅಪಾಯ ತರಬಲ್ಲದಾದ್ದರಿಂದ ಪಕ್ಕದವರಿಗೆ ಹೇಳಿಯೇ ಡಬ್ಬಿಯ ಮುಚ್ಚಳ ತೆಗೆಯಬೇಕು.

ಹೊತ್ತಿಸುವ ಮತ್ತು ಆರಿಸುವ ಕ್ರಮ

1. ಒಳಗೆ ಬಂದೊಡನೆ ವಿದ್ಯುತ್ ಸ್ವಿಚ್ ಮುಟ್ಟುವ ಮುನ್ನ ಬಗ್ಗಿ ನೆಲದ ಹತ್ತಿರ ಮೂಸಿ ನೋಡಿ.

2. ಎರಡು ಗಾಳಿಕಿಂಡಿಗಳೂ ಚೀಲ, ಹಲಗೆಗಳಿಂದ ಮುಚ್ಚಿಹೋಗಿಲ್ಲವೆಂದು ಕಣ್ಣಾರೆ ನೋಡಿ.

3. ಸಿಲಿಂಡರಿನ ಕವಾಟವನ್ನು ನಿಧಾನವಾಗಿ ತೆರೆಯಿರಿ. ಹೀಟರಿನ ಗುಂಡಿಯನ್ನು ಒತ್ತಿ ಕಿಡಿ ಹಾರಿಸಿ. ಹೊತ್ತಿಕೊಂಡ ಮೇಲೂ 20ರಿಂದ 30 ಸೆಕೆಂಡು ಒತ್ತಿ ಹಿಡಿಯಿರಿ. ಒಳಗಿನ ಉಷ್ಣಯುಗ್ಮ ಕಾದು ಕವಾಟವನ್ನು ಹಿಡಿದುಕೊಳ್ಳಲು ಅಷ್ಟು ಹೊತ್ತು ಬೇಕು.

4. ಹೊತ್ತದಿದ್ದರೆ ಗುಂಡಿ ಮುಚ್ಚಿ, ಬಾಗಿಲು ತೆರೆದು ಐದು ನಿಮಿಷ ಕಾಯಿರಿ. ಮೇಲಿಂದ ಮೇಲೆ ಕಿಡಿ ಹಾರಿಸುವುದು ಅಪಾಯ.

5. ಫಲಕವು ಒಂದೇ ಸಮನೆ ಕೆಂಪಾಗಬೇಕು. ಕಪ್ಪು ಕಲೆ, ಹಳದಿ ನಾಲಿಗೆ, ಮಸಿ ಕಂಡರೆ ಆರಿಸಿ ದುರಸ್ತಿಗೆ ಕೊಡಿ.

6. ಆರಿಸುವಾಗ ಮೊದಲು ಸಿಲಿಂಡರಿನ ಕವಾಟ, ಕೊಳವೆಯ ಗ್ಯಾಸ್ ಉರಿದು ಮುಗಿದ ಮೇಲೆ ಹೀಟರಿನ ಗುಂಡಿ.

7. ಉರಿಯುವ ಹೀಟರನ್ನು ಬಿಟ್ಟು ಊಟಕ್ಕೆ ಹೋಗಬಾರದು; ಅದರ ಮುಂದೆ ಮಲಗಲಂತೂ ಕೂಡದು.

ಗ್ಯಾಸಿನ ವಾಸನೆ ಬಂದರೆ ಬೆಂಕಿ ಆರಿಸಿ, ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ಅದರ ಕಿಡಿಯೇ ಸಾಕು. ಬಾಗಿಲು ತೆರೆದಿಟ್ಟು ಹೊರಗೆ ಬಂದು ಸಿಲಿಂಡರಿನ ಕವಾಟ ಮುಚ್ಚಿ, ದೂರ ನಿಂತು 1906ಕ್ಕೆ ದೂರವಾಣಿ ಮಾಡಿ. ಗ್ಯಾಸ್ ಸೋರಿಕೆಗೆಂದೇ 2016ರಿಂದ ಇರುವ ಸಂಖ್ಯೆಯದು. ಬೆಂಕಿ ಹತ್ತಿದರೆ 101.

ಪಾಲಿನ ಲೆಕ್ಕ, ಪಾಲಿನ ಹೊಣೆ

ಎಲ್ಲರಿಗೂ ಸೇರಿದ ವಸ್ತುವಿನ ಹೊಣೆ ಯಾರಿಗೂ ಸೇರದೆ ಹೋಗುವುದು ಲೋಕದ ರೂಢಿ. ಸಂಜೆ ಸಿಲಿಂಡರ್ ಮುಚ್ಚಿದವರು ಯಾರೆಂದು ಕೇಳಿದರೆ ನಾಲ್ವರೂ ಇನ್ನೊಬ್ಬರ ಮುಖ ನೋಡುತ್ತಾರೆ. ಆದ್ದರಿಂದ ವಾರಕ್ಕೊಬ್ಬರಂತೆ ಉಸ್ತುವಾರಿಯ ಪಾಳಿ ಹಾಕಿ, ಅವರ ಹೆಸರನ್ನು ಹಲಗೆಯ ಮೇಲೆ ಬರೆಯಬೇಕು. ಕಂಬಿಗೂಡಿನ ಬೀಗದ ಕೈ ಅವರಲ್ಲಿರಲಿ. ಸಂಜೆ ಕವಾಟ ಮುಚ್ಚಿ ಪುಸ್ತಕದಲ್ಲಿ ಸಹಿ ಹಾಕಿಯೇ ಬಾಗಿಲು ಎಳೆಯಬೇಕು. ಅವರು ‘ಆರಿಸಿ’ ಎಂದರೆ ವಯಸ್ಸಿನಲ್ಲಿ ಹಿರಿಯರೂ ಮರುಮಾತಾಡದೆ ಆರಿಸತಕ್ಕದ್ದು.

ಹಣದ ಪಾಲಿನಲ್ಲಿ ನ್ಯಾಯವಿದ್ದರೆ ಕಿಟಕಿಯ ಜಗಳವೂ ತಾನಾಗಿ ಕಡಿಮೆಯಾಗುತ್ತದೆ. ತಲೆಗಿಷ್ಟು ಎಂದು ಹಂಚಿದರೆ ಕಡಿಮೆ ಬಳಸಿದವನಿಗೆ ನಷ್ಟ. ಒಂದು ಫಲಕ ಒಂದು ಗಂಟೆ ಉರಿದರೆ ಸುಮಾರು 100 ಗ್ರಾಂ ಗ್ಯಾಸ್ ಖರ್ಚಾಗುತ್ತದೆ. ಇದನ್ನು ಒಂದು ‘ಫಲಕಗಂಟೆ’ ಎನ್ನೋಣ. 19 ಕಿಲೋಗ್ರಾಂ ಸಿಲಿಂಡರಿನಲ್ಲಿ 190 ಫಲಕಗಂಟೆಗಳು. ಬಡಗಿ ಮೂರು ಫಲಕವನ್ನು 20 ಗಂಟೆ ಉರಿಸಿದರೆ 60. ದರ್ಜಿ ಎರಡು ಫಲಕವನ್ನು 45 ಗಂಟೆ ಉರಿಸಿದರೆ 90. ರಟ್ಟು ಕಟ್ಟುವವನು ಒಂದು ಫಲಕವನ್ನು 40 ಗಂಟೆ ಉರಿಸಿದರೆ 40. ಒಟ್ಟು 190. ಸಿಲಿಂಡರಿನ ಬೆಲೆಯನ್ನು 6 : 9 : 4ರಂತೆ ಹಂಚಿಕೊಂಡರೆ ಯಾರಿಗೂ ದೂರಿಲ್ಲ. ಇಬ್ಬರು ಒಟ್ಟಿಗೆ ಕಾಯಿಸಿಕೊಂಡ ಗಂಟೆಗಳನ್ನು ಅರ್ಧರ್ಧ ಬರೆದುಕೊಳ್ಳಬಹುದು. ಸಿಲಿಂಡರಿನ ಕೊರಳ ಪಟ್ಟಿಯ ಮೇಲೆ ಅದರ ಖಾಲಿ ತೂಕ ಬರೆದಿರುತ್ತದೆ. ವಾರಕ್ಕೊಮ್ಮೆ ತೂಗಿ ಪುಸ್ತಕದ ಲೆಕ್ಕದೊಡನೆ ತಾಳೆ ನೋಡಿ. ಪುಸ್ತಕಕ್ಕಿಂತ ತೂಕ ಬೇಗ ಇಳಿಯುತ್ತಿದ್ದರೆ ಯಾರೋ ಬರೆಯಲು ಮರೆತಿದ್ದಾರೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡನ್ನೂ ಕೂಡಲೇ ವಿಚಾರಿಸಬೇಕು. ಹೀಗೆ ಹಣಕ್ಕೆಂದು ಬರೆದ ಲೆಕ್ಕವು ಪ್ರಾಣವನ್ನೂ ಕಾಯುತ್ತದೆ.

ಗೋಡೆಯ ಮೇಲಿನ ಬರಹ

ಕೊನೆಯದಾಗಿ ಭಾಷೆಯ ವಿಚಾರ. ಮೇಲಿನ ಏಳು ಸೂಚನೆಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದು ಹೀಟರಿನ ಎದುರು ಗೋಡೆಗೆ ಹಾಕಬೇಕು. ಅಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಓದಲು ಬರುವ ನುಡಿಯಲ್ಲಿ ಅದಿರಬೇಕು: ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು, ಅಗತ್ಯವಿದ್ದರೆ ಮಲಯಾಳದಲ್ಲಿ ಇನ್ನೊಂದು. ಓದು ಬಾರದವರಿಗೆ ಉಸ್ತುವಾರಿಯವರು ಬಾಯಲ್ಲಿ ಹೇಳಿ, ತಿರುಗಿ ಹೇಳಿಸಬೇಕು. ಗಡಿನಾಡಿನಲ್ಲಿ ಬೆಳೆದ ನಾವು ನೆರೆಯವರ ನುಡಿಯನ್ನೂ ನಮ್ಮ ನುಡಿಯನ್ನೂ ಒಂದೇ ಛಾವಣಿಯ ಕೆಳಗೆ ಆಡಿಕೊಂಡು ಬಂದವರು. ಕನ್ನಡ ಶಾಲೆಯಲ್ಲಿ ಕಲಿತವರು ತಾವು ಅರಿತದ್ದನ್ನು ಪಕ್ಕದ ಬೆಂಚಿನವನಿಗೆ ಅವನ ನುಡಿಯಲ್ಲಿ ತಿಳಿಸಿದರೆ ಆ ವಿದ್ಯೆ ಸಾರ್ಥಕ.

ಈ ಚಳಿಗಾಲ ಬರುವ ಮುನ್ನವೇ ಪಾಲುದಾರರೆಲ್ಲ ಒಂದು ಭಾನುವಾರ ಕೂಡಿ ಮೂರು ಕೆಲಸ ಮಾಡಿಬಿಡಿ: ಗೋಡೆಯಲ್ಲಿ ಕಿಂಡಿ, ತಗಡಿನ ಕೆಳಗೆ ಹಲಗೆ, ಹಲಗೆಯ ಮೇಲೆ ಉಸ್ತುವಾರಿಯ ಹೆಸರು. ಹೀಟರ್ ಕೊಳ್ಳುವುದು ನಾಲ್ಕನೆಯ ಕೆಲಸ. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಮಕ್ಕಳು ಎಲ್ಲಿ ದುಡಿದರೂ ಬೆಚ್ಚಗಿರಲಿ, ಸಂಜೆ ಕ್ಷೇಮವಾಗಿ ಮನೆ ಸೇರಲಿ ಎಂದು ಹಾರೈಸುತ್ತೇನೆ.